ಅಣ್ಣನಿಗೆ ಹೆಣ್ಣು ನೋಡಿದ್ದು

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಇದು: ಚೌಕಾಸಿಗೆ ಕೂತಾಗ ಕೊನೆಯ ತೀರ್ಮಾನ ನಿಮ್ಮದು ಎಂದು ಎದುರಿನವನಿಗೆ ತಿಳಿಯಬಾರದು. ಅಲ್ಲಿ ಇಲ್ಲದ ಒಬ್ಬ ಮನುಷ್ಯ ನಿಮ್ಮ ಬೆನ್ನಿಗೆ ಇರಬೇಕು. ನೀವು ಒಳ್ಳೆಯವರು, ಕೊಡುವ ಮನಸ್ಸು ನಿಮಗೆ ಉಂಟು, ಆದರೆ ಆ ಮನುಷ್ಯ ಒಪ್ಪಬೇಕು. ಕೆಲವರು ಹೆಂಡತಿಯ ಹೆಸರು ಹೇಳುತ್ತಾರೆ. ಅದು ನಡೆಯುವುದಿಲ್ಲ. ಈಗಲೇ ಫೋನ್ ಮಾಡಿ ಕೇಳಿ ಎನ್ನುತ್ತಾರೆ. ಪಾಲುದಾರ ಎಂದರೆ ಅವನನ್ನೂ ಕರೆದುಕೊಂಡು ಬನ್ನಿ ಎನ್ನುತ್ತಾರೆ. ದೂರದಲ್ಲಿರಬೇಕು, ದೊಡ್ಡವನಾಗಿರಬೇಕು, ಸುಲಭಕ್ಕೆ ಮಾತಿಗೆ ಸಿಗಬಾರದು. ನನಗೆ ಅಂಥವನೊಬ್ಬ ಇದ್ದ. ಗಲ್ಫಿನಲ್ಲಿರುವ ಅಣ್ಣ.

ನನ್ನ ಕಸುಬು ಹಳೆಯ ಮನೆಗಳ ಸಾಮಾನಿನದ್ದು. ಒಡೆಯುವ ಮನೆಗಳಿಂದ ಬಾಗಿಲು, ಕಿಟಕಿ, ದಾರಂದ, ತೊಲೆ, ಹಂಚು ತಂದು ಮಾರುತ್ತೇನೆ. ಕಾಸರಗೋಡಿನಲ್ಲಿ ಹೆದ್ದಾರಿ ಅಗಲ ಮಾಡಲು ಶುರುಮಾಡಿದ ಮೇಲೆ ನನಗೆ ಉಸಿರು ಬಿಡಲು ಪುರುಸೊತ್ತು ಇಲ್ಲದಾಯಿತು. ಮನೆ ಬಿಟ್ಟುಕೊಟ್ಟವರು ಅಂಗಳದಲ್ಲಿ ನಿಂತು ನೋಡುತ್ತಿರುತ್ತಾರೆ. ಆ ಹೊತ್ತಿಗೆ ಅವರೊಡನೆ ದರ ಮಾತಾಡಬಾರದು. ಮೊದಲು ಮನೆ ಕಟ್ಟಿಸಿದವರು ಯಾರು ಎಂದು ಕೇಳಬೇಕು, ಹೇಳಿ ಮುಗಿಯುವವರೆಗೆ ಕೇಳಬೇಕು. ಆಮೇಲೆ ಬಾಗಿಲಿನ ಬುಡವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಗೆದ್ದಲು ಬುಡದಿಂದ ಹತ್ತುತ್ತದೆ, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲ ಆದ ಮೇಲೆ ನಾನು ಹೇಳುವುದು ಒಂದೇ: "ನನ್ನದೇನೂ ಇಲ್ಲ ಮಾರಾಯ್ರೆ. ಅಣ್ಣನಲ್ಲಿ ಒಂದು ಮಾತು ಕೇಳಿ ಹೇಳುತ್ತೇನೆ."

ಅಣ್ಣ ಹುಟ್ಟಿದ್ದು ನಮ್ಮ ಊರು ಮದ್ರಾಸಿಗೆ ಸೇರಿದ್ದಾಗ. ಅವನು ಸಣ್ಣ ಕ್ಲಾಸಿನಲ್ಲಿರುವಾಗ ರಾಜ್ಯಗಳನ್ನು ಭಾಷೆಯ ಲೆಕ್ಕದಲ್ಲಿ ಹಂಚಿದರು. ಬೆಂಚು ಅದೇ, ಮಾಸ್ತರು ಅವರೇ, ನಾವು ಮಾತ್ರ ಕೇರಳದವರಾದೆವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅಣ್ಣ ಕನ್ನಡದಲ್ಲೇ ಹತ್ತನೇ ಕ್ಲಾಸು ಪಾಸು ಮಾಡಿದ. ಪಾಸು ಮಾಡಿ ಕೆಲಸ ಕೇಳಲು ಹೋದಲ್ಲೆಲ್ಲ ಮಲಯಾಳ ಬರುತ್ತದಾ ಎಂದು ಕೇಳಿದರು. ಮಂಗಳೂರಿಗೆ ಹೋದರೆ ನೀನು ಕೇರಳದವನಲ್ಲವಾ ಎಂದರು. ಅಪ್ಪನದ್ದು ಹೆದ್ದಾರಿಯ ಬದಿಯಲ್ಲಿ ಒಂದು ಚಾದಂಗಡಿ. ಅಲ್ಲಿ ಕೂತು ಗ್ಲಾಸು ತೊಳೆಯುತ್ತ ಅವನು ಎರಡು ಮಳೆಗಾಲ ಕಳೆದ.

ಆಗ ಲಾಂಚಿನ ಸುದ್ದಿ ಎಲ್ಲ ಕಡೆ ಇತ್ತು. ಪಾಸ್‌ಪೋರ್ಟ್ ಇಲ್ಲದವರೂ ಬೊಂಬಾಯಿಗೆ ಹೋಗಿ, ಅಲ್ಲಿಂದ ಸರಕಿನ ಲಾಂಚಿನಲ್ಲಿ ಅಡಗಿ ಅರಬರ ದೇಶಕ್ಕೆ ಹೋಗುತ್ತಿದ್ದರು. ದಂಡೆ ಕಾಣುವಷ್ಟು ದೂರದಲ್ಲಿ ನಿಲ್ಲಿಸಿ, ಇನ್ನು ಈಜಿಕೊಳ್ಳಿ ಎಂದು ನೀರಿಗೆ ಇಳಿಸುತ್ತಿದ್ದರಂತೆ. ಅಣ್ಣನಿಗೆ ಈಜು ಬರುತ್ತಿತ್ತು, ಚಂದ್ರಗಿರಿ ಹೊಳೆಯಲ್ಲಿ ಕಲಿತದ್ದು. ಹೊರಡುವ ದಿನ ಅವನು ಹೊಸತಾಗಿ ಹೊಲಿಸಿದ ಅಗಲ ಕಾಲಿನ ಪ್ಯಾಂಟು ಹಾಕಿದ್ದ. ನನಗೆ ಆಗ ಮೀಸೆ ಮೂಡುವುದಕ್ಕೂ ಇನ್ನೂ ಕಾಲ ಇತ್ತು. ಬೊಂಬಾಯಿಯಿಂದ ಒಂದು ಕಾರ್ಡು ಬಂತು, ನಾಳೆ ಹೊರಡುತ್ತೇವೆ ಎಂದು. ಅದಾದ ಮೇಲೆ ಏನೂ ಇಲ್ಲ. ಲಾಂಚು ಮುಳುಗಿತು ಎಂದು ಯಾರೂ ಹೇಳಲಿಲ್ಲ, ಮುಟ್ಟಿತು ಎಂದೂ ಹೇಳಲಿಲ್ಲ. ಅಪ್ಪ ಸ್ವಲ್ಪ ಕಾಲ ಅವರಿವರಲ್ಲಿ ವಿಚಾರಿಸಿದ, ಆಮೇಲೆ ಅಪ್ಪನೂ ಹೋದ.

ಚಾದಂಗಡಿಯಿಂದ ಹಳೆ ಸಾಮಾನಿಗೆ ನಾನು ಬಂದದ್ದು ನನ್ನದೇ ಕೈಯಿಂದ. ಅಷ್ಟು ಹೊತ್ತಿಗೆ ನಮ್ಮೂರಿನಲ್ಲಿ ಗಲ್ಫಿನಲ್ಲಿ ಒಬ್ಬ ಇರುವ ಮನೆಗೆ ಒಂದು ಮರ್ಯಾದೆ, ಇಲ್ಲದ ಮನೆಗೆ ಇನ್ನೊಂದು ಮರ್ಯಾದೆ ಎಂದಾಗಿತ್ತು. ನನಗೆ ಅಣ್ಣ ಇದ್ದಾನೆ, ಅವನು ಗಲ್ಫಿಗೆ ಹೋಗಿದ್ದಾನೆ ಎಂದರೆ ಅದರಲ್ಲಿ ಸುಳ್ಳಿನ ಅಕ್ಷರ ಇರಲಿಲ್ಲ. ಉಳಿದದ್ದನ್ನು ಕೇಳಿದವರೇ ಸೇರಿಸಿಕೊಂಡರು. ಯಾವ ಕಂಪೆನಿ ಎಂದು ಒಬ್ಬ ಕೇಳಿದ. ನಾನು ಯೋಚಿಸುವ ಮೊದಲು ಅವನೇ, ಪೆಟ್ರೋಲಿನದ್ದಿರಬೇಕು ಅಲ್ವಾ ಎಂದ. ಹಾಗೆ ಅಣ್ಣನಿಗೆ ಕುವೈತಿನಲ್ಲಿ ಕೆಲಸ ಆಯಿತು.

ಅವನು ಬೆಳೆಯುತ್ತ ಬಂದ. ಗಂಟು ಇರುವ ಮರ ಅವನಿಗೆ ಆಗುತ್ತಿರಲಿಲ್ಲ. ಬಣ್ಣ ಬಳಿದ ಬಾಗಿಲು ಬೇಡ ಎನ್ನುತ್ತಿದ್ದ. ಶುಕ್ರವಾರ ಮಾತ್ರ ಮಾತಿಗೆ ಸಿಗುತ್ತಿದ್ದ. ಕುವೈತಿನಲ್ಲಿ ಯುದ್ಧ ಬಂದು ಊರಿನವರೆಲ್ಲ ಉಟ್ಟ ಬಟ್ಟೆಯಲ್ಲಿ ಮರಳುತ್ತಿದ್ದಾಗ ನಾನು ಸಿಕ್ಕಿಬಿದ್ದೆ. ಎಲ್ಲರೂ ಬಂದರಲ್ಲ, ನಿಮ್ಮ ಅಣ್ಣ ಎಲ್ಲಿ ಎಂದರು. ಯುದ್ಧಕ್ಕಿಂತ ಸ್ವಲ್ಪ ಮೊದಲೇ ದುಬೈಗೆ ಹೋದ, ನಸೀಬು ಒಳ್ಳೆಯದಿತ್ತು ಎಂದೆ. ಆ ವಾರ ಅಮ್ಮ ದಿನವೂ ಬಸ್ ಸ್ಟ್ಯಾಂಡಿಗೆ ಹೋಗಿ ಬೊಂಬಾಯಿ ಕಡೆಯಿಂದ ಬಂದವರನ್ನು ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಒಂದು ದಿನ ಹೋಗಲಿಲ್ಲ. ಕಾಲು ನೋವಿರಬೇಕು ಎಂದು ನಾನು ಎಣಿಸಿದೆ.

ಕೊರೋನಾ ಬಂದು ಗಡಿಯ ದಾರಿಗೆ ಮಣ್ಣು ಸುರಿದು, ನಮ್ಮವರು ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡುತ್ತಿದ್ದಾಗ ಒಬ್ಬ ಗಿರಾಕಿ ಫೋನ್ ಮಾಡಿ ಅಣ್ಣ ಹೇಗಿದ್ದಾರೆ ಎಂದು ಕೇಳಿದ. ರೂಮಿನಲ್ಲೇ ಇದ್ದಾನೆ, ಸ್ವಲ್ಪ ಕೆಮ್ಮು ಎಂದೆ. ಫೋನ್ ಇಟ್ಟ ಮೇಲೆ, ಈ ವಯಸ್ಸಿಗೆ ಕೆಮ್ಮು ಬಂದರೆ ಅಲ್ಲಿ ಅವನನ್ನು ನೋಡಿಕೊಳ್ಳುವವರು ಯಾರು ಎಂದು ಚಿಂತೆ ಹತ್ತಿತು. ಹೆಂಡತಿ ಎಂತ ಆಯ್ತು ಎಂದಳು. ಏನಿಲ್ಲ ಎಂದೆ. ಎರಡು ದಿನ ಬಿಟ್ಟು ಆ ಗಿರಾಕಿಗೆ ನಾನೇ ಫೋನ್ ಮಾಡಿ, ಅಣ್ಣ ಗುಣವಾದ ಎಂದು ಹೇಳಿದ ಮೇಲೆ ನನಗೆ ಸಮಾಧಾನವಾಯಿತು.

ಇನ್ನೊಂದು ಸಂಗತಿ. ದುಬೈಯಿಂದ ಮರಳಿದ ಒಬ್ಬರ ಮನೆ ಹೆದ್ದಾರಿಗೆ ಹೋಗುತ್ತಿತ್ತು. ಹಲಸಿನ ಮರದ ಒಳ್ಳೆಯ ಬಾಗಿಲುಗಳು. ಅವರಿಗೆ ಹೆಚ್ಚು ಬೇಕಿತ್ತು, ನಾನು ಎಂದಿನಂತೆ ಅಣ್ಣನನ್ನು ಮುಂದೆ ಮಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು: "ನಿಮ್ಮ ಅಣ್ಣನನ್ನು ನಾನು ಅಲ್ಲಿ ನೋಡಿದ್ದೇನೆ. ನಿಮ್ಮದೇ ಮುಖ. ಸ್ವಲ್ಪ ಬಾಗಿ ನಡೀತಾರೆ ಅಲ್ವಾ?"

ನನಗೆ ದರ ಏರಿಸಲು ಹೂಡಿದ ಮಾತು ಅದು. ಮೂವತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ. ಆದರೂ ಅವರು ಕೇಳಿದ್ದಕ್ಕೇ ಒಪ್ಪಿ ಬಂದುಬಿಟ್ಟೆ. ವಿದ್ಯಾನಗರದ ಮನೆಗೆ ಬಂದವನು ಅಮ್ಮನಲ್ಲಿ, ಅಣ್ಣನನ್ನು ನೋಡಿದವರು ಸಿಕ್ಕಿದರು ಎಂದೆ. ಅಮ್ಮ ಬೂತಾಯಿ ಮೀನು ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೌದಾ ಎಂದಳು. ಆಸೆ ಹೆಚ್ಚಾಗಿ ಮಾತು ಹೊರಡಲಿಲ್ಲ ಎಂದು ನಾನು ತಿಳಿದೆ. ಈಗಲೂ ರಸ್ತೆ ದಾಟುವಾಗ ಎದುರಿನಿಂದ ಯಾರಾದರೂ ಬಾಗಿ ನಡೆದು ಬಂದರೆ ನನ್ನ ಕಾಲು ನಿಂತುಬಿಡುತ್ತದೆ.

ನನ್ನ ಮಗಳಿಗೆ ಬಂದ ಸಂಬಂಧಗಳು ಒಂದೊಂದಾಗಿ ಮುರಿಯಲು ತೊಡಗಿದವು. ಹುಡುಗ ಒಪ್ಪಿ, ಮನೆಯವರು ಒಪ್ಪಿ, ವೀಳ್ಯ ಬದಲಾಯಿಸುವ ಮೊದಲು ಏನಾದರೊಂದು ಅಡ್ಡ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದಾಗ, ಮನೆಯಲ್ಲಿ ಮದುವೆಯಾಗದೆ ಹೋದ ಗಂಡು ಜೀವ ಒಂದು ಉಂಟು, ಅದು ದಾರಿಯಲ್ಲಿ ನಿಂತಿದೆ, ಅದಕ್ಕೆ ಮೊದಲು ಮದುವೆ ಆಗಲಿ ಎಂದರು. ನಮ್ಮ ತುಳುವರಲ್ಲಿ ಇದು ಹೊಸದಲ್ಲ. ಮದುವೆಗೆ ಮೊದಲು ಸತ್ತವರು ಕುಲೆಯಾಗಿ ಮನೆಯಲ್ಲೇ ಉಳಿಯುತ್ತಾರೆ, ಅಲ್ಲಿಯೂ ವಯಸ್ಸಿಗೆ ಬರುತ್ತಾರೆ ಎಂದು ಲೆಕ್ಕ. ಹಾಗೆಯೇ ಸತ್ತ ಹೆಣ್ಣೊಂದನ್ನು ಹುಡುಕಿ, ಬಳಿ ಬೇರೆಯೇ ಎಂದು ನೋಡಿ, ನಿಶ್ಚಯ ಮಾಡಿ, ಮಳೆಗಾಲದ ಆಟಿ ತಿಂಗಳಿನಲ್ಲಿ ಧಾರೆ ಎರೆಯುತ್ತಾರೆ. ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಬದುಕಿದ್ದವರಿಗೆ ಏನೇನು ನೋಡುತ್ತಾರೋ ಸತ್ತವರಿಗೂ ಅದನ್ನೆಲ್ಲ ನೋಡುತ್ತಾರೆ. ಬೇರೆ ಊರಿನವರು ನಗುತ್ತಾರೆ. ನಗಲಿ.

ಆದರೆ ಕುಲೆಮದುವೆ ಆಗಬೇಕಾದರೆ ಮದುಮಗ ಸತ್ತಿರಬೇಕು. ಅಣ್ಣ ಸತ್ತ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ. ಅವನಿಗೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿಲ್ಲ, ಹಬ್ಬದಲ್ಲಿ ಹಿರಿಯರಿಗೆ ಬಡಿಸುವಾಗ ಅವನ ಪಾಲಿಗೆ ಎಲೆ ಹಾಕಿಲ್ಲ. ಹೆತ್ತವಳು ಬದುಕಿರುವಾಗ ಆ ಮಾತು ಹೆತ್ತವಳ ಬಾಯಿಂದ ಬರಬೇಕು, ಉಳಿದವರು ಹೇಳಿದರೆ ನಡೆಯುವುದಿಲ್ಲ ಎಂದು ಜೋಯಿಸರು ಕಡ್ಡಿ ಮುರಿದಂತೆ ಹೇಳಿದರು. ತೊಂಬತ್ತರ ಹತ್ತಿರದ ಮುದುಕಿಯಿಂದ ಆ ಮಾತನ್ನು ಹೊರಡಿಸುವುದು ಹೇಗೆ? ಎಂಥೆಂಥ ಜಿಗುಟು ಮನುಷ್ಯರಿಂದ ಬಾಗಿಲು ಬಿಡಿಸಿ ತಂದವನು ನಾನು, ಅಮ್ಮನ ಎದುರು ಕೂತು ಮಾತು ತೆಗೆಯಲು ಆಗಲಿಲ್ಲ. ಹೆದ್ದಾರಿಗಾಗಿ ನಮ್ಮ ಹಳೆಯ ಚಾದಂಗಡಿ ಒಡೆದಾಗಲೂ ಹೀಗೇ ಆಗಿತ್ತು. ಅವನು ಬಂದರೆ ಇನ್ನು ಎಲ್ಲಿಗೆ ಬರುವುದು ಎಂದು ಅಮ್ಮ ಅಳಬಹುದೆಂದು ನಾನು ಹೆದರಿ ನಿಂತಿದ್ದೆ. ಜೆಸಿಬಿ ಹಂಚಿನ ಮಾಡನ್ನು ಎಳೆಯುವುದನ್ನು ನೋಡುತ್ತ ನಿಂತಳು, ಆಮೇಲೆ ನಡಿ ಊಟ ಆಗ್ಲಿಲ್ಲ ಎಂದಳು, ಅಷ್ಟೇ.

ನಾನು ಅಡ್ಡದಾರಿ ಹಿಡಿದೆ. ಮಗಳ ಮದುವೆ ಆಗಬೇಕಾದರೆ ಅಣ್ಣನ ಹೆಸರಿನಲ್ಲಿ ಒಂದು ಕಾರ್ಯ ಮಾಡಬೇಕಂತೆ, ಹೆಣ್ಣಿನ ಕಡೆಯವರನ್ನು ನೋಡಿ ಬರುವ, ನೀನೂ ಬಾ ಎಂದೆ. ಮುಖ್ಯ ಪದವನ್ನು ನುಂಗಿದ್ದೆ. ಅಮ್ಮ ಸೆರಗು ಸರಿಮಾಡಿಕೊಂಡು ಹೊರಟಳು. ಅವಳಿಗೆ ಎಷ್ಟು ಅರ್ಥವಾಗಿದೆ ಎಂದು ನನಗೆ ತಿಳಿಯಲಿಲ್ಲ.

ಹೆಣ್ಣಿನ ಮನೆ ಪುತ್ತಿಗೆಯ ಕಡೆ. ಸತ್ತವಳು ಆ ಮನೆಯ ಯಜಮಾನನ ತಂಗಿ. ಹಲ್ಲು ಬೀಳುವ ಪ್ರಾಯದಲ್ಲಿ ಜ್ವರ ಬಂದಿತ್ತು, ತೋಡು ದಾಟುವ ಮರದ ಸಂಕ ಮಳೆಗೆ ಕೊಚ್ಚಿಹೋಗಿ ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ. ಯಜಮಾನರು ನನಗಿಂತ ದೊಡ್ಡವರು, ಒಣಕಲು ಮನುಷ್ಯ, ಮಾತಿನಲ್ಲಿ ನನ್ನನ್ನು ಮೀರಿಸುವವರು. ಅದು ನನಗೆ ಮೊದಲ ಐದು ನಿಮಿಷದಲ್ಲೇ ಗೊತ್ತಾಯಿತು, ಯಾಕೆಂದರೆ ಅವರು ಬೆಲ್ಲ ನೀರು ಕೊಟ್ಟು ನಮ್ಮ ಮನೆ ಕಟ್ಟಿಸಿದವರು ಯಾರು ಎಂದು ಕೇಳಿದರು.

ಬಳಿ ನೋಡಿದೆವು, ಬೇರೆ ಬೇರೆ, ತೊಂದರೆ ಇಲ್ಲ. ಪ್ರಾಯ ನೋಡಿದೆವು, ಹೆಣ್ಣು ಸಣ್ಣವಳು, ಸರಿ. ಅವರ ಹೆಣ್ಣು ಶಾಲೆಗೆ ಹೋಗಿದ್ದಳಾ ಎಂದು ನಾನು ಕೇಳಿದೆ. ಕನ್ನಡ ಒಂದನೇ ಕ್ಲಾಸು ಎಂದರು. ನಮ್ಮವನು ಹತ್ತು ಪಾಸು ಎಂದೆ. ಅವರು ತಲೆ ಆಡಿಸಿ, ಆಮೇಲೆ ಅವಳೂ ಅಲ್ಲೇ ಕಲಿತಿರಬಹುದು ಎಂದರು. ನಗಲಿಲ್ಲ. ಕೊನೆಗೆ ಗಂಡು ಎಂತ ಮಾಡಿಕೊಂಡಿದ್ದ ಎಂದು ಕೇಳಿದರು.

ಇಲ್ಲಿ ನನ್ನ ನಾಲಗೆ ಅಭ್ಯಾಸದ ದಾರಿಯಲ್ಲಿ ಓಡಿತು. "ಅಣ್ಣ ಗಲ್ಫಿನಲ್ಲಿದ್ದಾನೆ," ಎಂದೆ, ಸ್ವಲ್ಪ ಬೀಗಿಕೊಂಡೇ.

ಅವರು ಕಾಲ ಮೇಲಿನ ಕಾಲು ಇಳಿಸಿದರು. "ಹಾಗಾದರೆ ಬೇಡ."

"ಎಂತ ಬೇಡ?"

"ಗಲ್ಫಿನವನಿಗೆ ಹೆಣ್ಣು ಕೊಡುವುದಿಲ್ಲ ಮಾರಾಯ್ರೆ. ನನ್ನ ಮಗಳನ್ನು ಕೊಟ್ಟು ಅನುಭವ ಉಂಟು. ಎರಡು ವರ್ಷಕ್ಕೊಮ್ಮೆ ಬರುವುದು, ಪೆಟ್ಟಿಗೆ ಬಿಚ್ಚುವುದು, ಪುನಃ ಹೋಗುವುದು. ಅವಳು ಗಂಡನ ಮುಖ ನೋಡಿದ್ದಕ್ಕಿಂತ ಪೆಟ್ಟಿಗೆ ನೋಡಿದ್ದು ಹೆಚ್ಚು. ತಂಗಿಯಾದರೂ ಗಂಡನೊಟ್ಟಿಗೆ ಇರಲಿ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದರು, ಎಲೆಯಡಿಕೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡೂ ಆಗಿತ್ತು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ಗೊತ್ತು: ಅಣ್ಣನಲ್ಲಿ ಕೇಳಿ ಹೇಳುತ್ತೇನೆ ಎನ್ನಬೇಕು. ಮದುಮಗನೇ ಅವನಾದಾಗ ಹಾಗೆ ಹೇಳುವಂತಿರಲಿಲ್ಲ. ಅವನು ಬೇರೆ ಕಂಪೆನಿಗೆ ಸೇರಿದ್ದಾನೆ, ಊರಿಗೆ ಬರುವವನಿದ್ದಾನೆ ಎಂದು ಏನೇನೋ ಹೇಳಬಹುದಿತ್ತು. ಸತ್ತ ಎನ್ನುವುದೊಂದನ್ನು ಬಿಟ್ಟು ಉಳಿದ ಎಲ್ಲವೂ ನನ್ನ ಬಾಯಲ್ಲಿತ್ತು.

ಆಗ ಅಮ್ಮ ಮಾತಾಡಿದಳು. ಅಷ್ಟು ಹೊತ್ತು ಜಗಲಿಯ ಮೂಲೆಯಲ್ಲಿ ಕೂತು ಎಲೆ ಜಗಿಯುತ್ತಿದ್ದಳು.

"ಅವ ಇನ್ನು ಎಲ್ಲಿಗೂ ಹೋಗುವುದಿಲ್ಲ," ಎಂದಳು. "ಅವ ಸತ್ತಿದ್ದಾನೆ. ಲಾಂಚಿನಲ್ಲಿ ಹೋದ ವರ್ಷವೇ ಸತ್ತದ್ದು."

ಯಜಮಾನರು ನನ್ನನ್ನು ನೋಡಿದರು. ನಾನು ಅಮ್ಮನನ್ನು ನೋಡಿದೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ನನ್ನ ಸ್ವರ ಸ್ವಲ್ಪ ಏರಿತ್ತೆಂದು ಕಾಣುತ್ತದೆ.

"ಬದುಕಿದ್ದರೆ ಒಂದು ಕಾಗದ ಹಾಕದೆ ಇರುವವನಾ ಅವ? ನನಗೆ ಆಗಲೇ ಗೊತ್ತಿತ್ತು. ಕುವೈತಿನವರೆಲ್ಲ ಬಂದಾಗ ಒಮ್ಮೆ ನೋಡಿದೆ, ಇರಲಿ ಅಂತ. ಬರಲಿಲ್ಲ."

ನನಗೆ ಹೇಳಬಹುದಿತ್ತಲ್ಲ ಎಂದೆ.

ಅಮ್ಮ ಯಜಮಾನರ ಕಡೆ ತಿರುಗಿ, ಒಂದು ಮಗುವಿನ ಹಟದ ಬಗ್ಗೆ ಇನ್ನೊಂದು ಮನೆಯ ಹಿರಿಯರಲ್ಲಿ ಹೇಳುವ ಹಾಗೆ ಹೇಳಿದಳು: "ಇವನಿಗೆ ಅಣ್ಣ ಬೇಕಿತ್ತು. ಊರಿಡೀ ಅಣ್ಣ ಅಣ್ಣ ಅಂತ ಹೇಳಿಕೊಂಡು ತಿರುಗುತ್ತಿದ್ದ. ಫೋನಿನಲ್ಲಿ ಕೆಮ್ಮು ಅಂದ, ಗುಣವಾಯ್ತು ಅಂದ. ಯಾರೋ ನೋಡಿದ್ದಾರೆ ಅಂತ ಬಂದು ಹೇಳಿದ. ನಾನು ಎಂತ ಹೇಳುವುದು? ಸುಮ್ಮನಿದ್ದೆ."

ಅಂಗಳದಲ್ಲಿ ಒಂದು ಕೋಳಿ ಮರಿಗಳನ್ನು ಕರೆದುಕೊಂಡು ಹೋಗುತ್ತಿತ್ತು. ನಾವು ಮೂವರೂ ಅದನ್ನು ನೋಡಿದೆವು. ಯಜಮಾನರು ಎಲೆಯಡಿಕೆಯ ತಟ್ಟೆಯನ್ನು ಪುನಃ ನಡುವಿಗೆ ತಳ್ಳಿದರು. "ಊರಿನಲ್ಲೇ ಇರುವುದಾದರೆ ನಮ್ಮದು ಒಪ್ಪಿಗೆ ಅಮ್ಮಾ," ಎಂದರು. ಅಮ್ಮ ವೀಳ್ಯ ತೆಗೆದುಕೊಂಡಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕಾಸರಗೋಡು ಪೇಟೆಯಲ್ಲಿ ಮದುಮಗನಿಗೆ ಬಟ್ಟೆ ತೆಗೆಯುವಾಗ ಅಂಗಡಿಯವನು ಅಳತೆ ಎಷ್ಟು ಎಂದ. ಅಮ್ಮ ನನ್ನತ್ತ ಕೈ ತೋರಿಸಿ, ಇವನಿಗೆ ಹಾಕಿ ನೋಡಿ ಎಂದಳು. ನನ್ನ ಲೆಕ್ಕದಲ್ಲಿ ಅಣ್ಣ ಯಾವತ್ತೂ ನನಗಿಂತ ಎತ್ತರ. ಬಿಳಿ ಅಂಗಿ ತೊಟ್ಟು ಕನ್ನಡಿಯ ಎದುರು ನಿಂತೆ. ಅಂಗಿ ಸರಿಯಾಗಿ ಕೂತಿತು. ಬೆನ್ನು ಸ್ವಲ್ಪ ಬಾಗಿದೆ ಎಂದು ಮೊದಲ ಸಲ ಕಂಡೆ. ಬೇಗ ಬಿಚ್ಚಿ ಕೊಟ್ಟೆ. ಹೊಸ ಬಟ್ಟೆಗೆ ದರ ಕಡಿಮೆ ಮಾಡಿಸುವುದನ್ನೂ ಮರೆತೆ. ಮದುವೆಯ ಜವಳಿಗೆ ಹೋಗುವವರು ನನ್ನ ಹಾಗೆ ಮಾಡಬೇಡಿ, ಎಷ್ಟೇ ದುಃಖವಿದ್ದರೂ ಬಿಲ್ಲು ಆಗುವ ಮೊದಲು ಒಂದು ಮಾತು ಕೇಳಿ.

ಮದುವೆ ಹೆಣ್ಣಿನ ಮನೆಯಲ್ಲಿ ಆಯಿತು. ಆಟಿಯ ಮಳೆ ಆ ಬೆಳಿಗ್ಗೆ ಬಿಟ್ಟುಕೊಟ್ಟಿತ್ತು. ಎರಡು ಕುರ್ಚಿ, ಒಂದರ ಮೇಲೆ ಬಿಳಿ ಅಂಗಿ, ಪಂಚೆ, ಇನ್ನೊಂದರ ಮೇಲೆ ಧಾರೆ ಸೀರೆ, ಮಲ್ಲಿಗೆ. ಮದುವೆಯಾಗದವರು ನೋಡಬಾರದೆಂದು ನನ್ನ ಮಗಳನ್ನು ಮನೆಯಲ್ಲೇ ಬಿಟ್ಟಿದ್ದೆವು. ಹೆಣ್ಣಿನ ಕಡೆಯವರು ಸೀರೆಯನ್ನು ಎತ್ತಿ ಸುತ್ತು ತಂದರು. ನಾನು ಅಂಗಿಯನ್ನು ಎದೆಗೆ ಹಿಡಿದು ಹಿಂದೆ ನಡೆದೆ. ಹಾರ ಬದಲಾಯಿಸುವಾಗ ಯಜಮಾನರು ಅತ್ತರು. ತಂಗಿಯ ಮದುವೆಯಲ್ಲಿ ಯಾವ ಅಣ್ಣ ಅಳುತ್ತಾನೋ ಹಾಗೇ, ಮುಖ ತಿರುಗಿಸಿಕೊಂಡು.

ಆಮೇಲೆ ಊಟ. ಒಳಗಿನ ಕೋಣೆಯಲ್ಲಿ ಎರಡು ಎಲೆ ಹಾಕಿ ಬಡಿಸುತ್ತಾರೆ, ಮದುಮಕ್ಕಳನ್ನು ಊಟಕ್ಕೆ ಕರೆದು ಬಾಗಿಲು ಹಾಕುತ್ತಾರೆ. ಹೆಣ್ಣನ್ನು ಅವಳ ಅಣ್ಣ ಕರೆಯಬೇಕು, ಗಂಡನ್ನು ಅವನ ತಮ್ಮ. ಅಂದರೆ ನಾನು. ಯಜಮಾನರು ತಂಗಿಯ ಹೆಸರು ಹಿಡಿದು, ಬಾ ಮಗಾ, ಉಣ್ಣುವ ಎಂದು ಕರೆದರು. ನನ್ನ ಸರದಿ ಬಂತು.

ಊರೂರಿನ ಅಂಗಳಗಳಲ್ಲಿ ನಿಂತು ಆ ಹೆಸರನ್ನು ದುಡಿಸಿದವನು ನಾನು. ಅವನು ಏನು ಒಪ್ಪುತ್ತಾನೆ, ಯಾಕೆ ಸಿಟ್ಟಾಗುತ್ತಾನೆ ಎಂದು ಗಂಟೆಗಟ್ಟಲೆ ಹೇಳಬಲ್ಲವನು. ಅವನ ಬಗ್ಗೆ ಮಾತಾಡಿದ್ದೇ ಹೊರತು, ಅವನನ್ನು ಎದುರು ಕರೆದು ಮಾತಾಡಿಸಿದ್ದು ಅವನು ಬಸ್ಸು ಹತ್ತಿದ ದಿನದ ಮೇಲೆ ಇಲ್ಲ. ಬಾಯಿ ತೆರೆದೆ. ಅಣ್ಣ ಎನ್ನುವ ಎರಡು ಅಕ್ಷರ ಹೊರಗೆ ಬರಲಿಲ್ಲ. ಬಂದರೆ ಅವನು ಎದ್ದು ಬಂದು ಎಲೆಯ ಮುಂದೆ ಕೂರುತ್ತಾನೆ. ಕೂತ ಮೇಲೆ ಅವನು ಸತ್ತವನೇ, ಇನ್ನು ಯಾವ ಊರಿನಲ್ಲೂ ಇಲ್ಲ.

ಅನ್ನದ ಹಬೆ ಆರುತ್ತಿತ್ತು. ಎಲ್ಲರೂ ಕಾಯುತ್ತಿದ್ದರು. ಅಮ್ಮ ನನ್ನ ಮೊಣಕೈ ಹಿಡಿದಳು. ಅವಸರಪಡಿಸಲು ಅಲ್ಲ, ಹಿಡಿದಳು ಅಷ್ಟೇ.

"ಅಣ್ಣಾ," ಎಂದೆ. "ಬಾ. ಊಟಕ್ಕೆ ಬಾ."

ಸ್ವರ ನನ್ನದೆಂದು ನನಗೇ ಅನ್ನಿಸಲಿಲ್ಲ, ಮೀಸೆ ಮೂಡದವನೊಬ್ಬ ಕರೆದ ಹಾಗಿತ್ತು. ಯಜಮಾನರು ಬಾಗಿಲನ್ನು ಮೆಲ್ಲನೆ ಎಳೆದುಕೊಂಡರು. ನಾವೆಲ್ಲ ಹೊರಗೆ ಚಾವಡಿಯಲ್ಲಿ ಕೂತೆವು. ಒಳಗಿನಿಂದ ಯಾವ ಶಬ್ದವೂ ಇಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರು ಎದ್ದು, ಇನ್ನು ತೆಗೆಯಬಹುದಲ್ಲವಾ ಎಂದು ಬಾಗಿಲಿನ ಕಡೆ ಕೈ ಚಾಚಿದರು.

"ಸ್ವಲ್ಪ ಇರಿ," ಎಂದಳು ಅಮ್ಮ. "ಅವ ಉಣ್ಣುವುದು ಮೆಲ್ಲ."